ಯುದ್ಧ ಎಲ್ಲೋ ನಡೆದರೆ ಕಾರಟಗಿಯಲ್ಲಿ ಡಿಎಪಿ ಯಾಕೆ ಸಿಗಲ್ಲ?

ಕಾರಟಗಿ ಭತ್ತ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರಟಗಿ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಆರು ಎಕರೆ ಭತ್ತ. 2025ರ ಮುಂಗಾರಿನಲ್ಲಿ ಡಿಎಪಿ ಗೊಬ್ಬರಕ್ಕೆ ಅಂತ ಮೂರು ದಿನ ಪಾಳಿ ಹಚ್ಚಿದ್ದೆ. ಮೂರನೇ ದಿನ ಎರಡು ಚೀಲ ಸಿಕ್ಕವು. ಅದೂ ನನಗೆ ಬೇಡದ ಬಾಟಲಿಯೊಂದನ್ನು ಜೊತೆಗೆ ಕಟ್ಟಿದರು. ಅದಕ್ಕೆ ಲಿಂಕ್ ಅಂತ ಹೆಸರಂತೆ. ಚೀಲಕ್ಕೆ 1350 ರೂಪಾಯಿ, ಬಾಟಲಿಯ ದುಡ್ಡು ಬೇರೆ. ಅದೇ ಜುಲೈನಲ್ಲಿ ಕೊಪ್ಪಳದಲ್ಲಿ ಯೂರಿಯಾ ಸಿಗಲಿಲ್ಲ ಅಂತ ರೈತರೊಬ್ಬರು ಮಣ್ಣು ತಿಂದ ವಿಡಿಯೊ ನೀವೂ ನೋಡಿರಬೇಕು.

ಯಾಕಪ್ಪಾ ಈ ಗತಿ ಅಂತ ಅಂಗಡಿಯವರನ್ನು ಕೇಳಿದರೆ "ಚೀನಾದವರು ಕಳಿಸ್ತಿಲ್ಲ, ಕೆಂಪು ಸಮುದ್ರದಾಗ ಹಡಗಿಗೆ ಹೊಡೀತಾರ, ಇರಾನ್ ಕಡೆ ಯುದ್ಧ, ನಾನೇನ್ ಮಾಡ್ಲಿ" ಅಂದರು. ಸ್ಟಾಕ್ ಮುಚ್ಚಿಟ್ಟು ಕಥೆ ಹೇಳುತ್ತಿದ್ದಾರೆ ಅಂತ ಅವತ್ತು ಬೈದುಕೊಂಡು ಬಂದೆ. ಈಗ ಟಿವಿಯಲ್ಲಿ ದಿನಾ ಒಂದಲ್ಲ ಒಂದು ದೇಶದ ಮಂದಿ ಕೋಟು ಹಾಕಿಕೊಂಡು ಉದ್ದನೆಯ ಮೇಜಿನ ಸುತ್ತ ಕೂತಿರುವುದು ಕಂಡಾಗಲೆಲ್ಲ ಆ ಮಾತೇ ನೆನಪಾಗುತ್ತದೆ. ಅಂಗಡಿಯವರು ಹೇಳಿದ್ದು ನಿಜಾನಾ? ನಿಜ ಅಂದರೆ ಈ ಕೋಟಿನ ಮಂದಿ ಮಾತಾಡುವುದರಿಂದ ನಮ್ಮ ಹೊಲಕ್ಕೆ ಏನಾದರೂ ಬರುತ್ತಾ, ಇಲ್ಲ ಸುಮ್ನೆ ಫೋಟೊ ತೆಗೆಸಿಕೊಳ್ಳೋಕಾ? ಗೊತ್ತಿದ್ದವರು ಬಿಡಿಸಿ ಹೇಳಿ. ಪಕ್ಷದ ಜಗಳ ಬೇಡ, ಅದು ಬೇರೆ ಕಡೆ ಬೇಕಾದಷ್ಟಿದೆ.

ದಮ್ಮಾಂ ರಿಟರ್ನ್

ಅಣ್ಣ, ಲಿಂಕ್ ಹಚ್ಚಿದ್ದು ತಪ್ಪೇ. ಆದರೆ ಅವರು ಹೇಳಿದ ಕಾರಣ ಸುಳ್ಳಲ್ಲ. ನಾನು ಸಿಂಧನೂರಿನವನು. ಹನ್ನೊಂದು ವರ್ಷ ಸೌದಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ಬಂದು ಈಗ ಊರಲ್ಲೇ ಗೊಬ್ಬರದ ಗೋದಾಮಿನಲ್ಲಿ ಲೆಕ್ಕ ಬರೆಯುತ್ತೇನೆ.

ದೇಶಕ್ಕೆ ವರ್ಷಕ್ಕೆ ಸುಮಾರು 100 ಲಕ್ಷ ಟನ್ ಡಿಎಪಿ ಬೇಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಡಗಿನಲ್ಲಿ ಬರುತ್ತದೆ. ಇಲ್ಲೇ ತಯಾರಾಗುವ ಉಳಿದದ್ದಕ್ಕೂ ರಂಜಕದ ಕಲ್ಲು, ಆಸಿಡ್ಡು ಮೊರಾಕೊ, ಜೋರ್ಡನ್ ಕಡೆಯಿಂದ ಬರಬೇಕು. ಪೊಟ್ಯಾಷ್ ಅಂತೂ ಪೂರ್ತಿ ಹೊರಗಿನದು. ಹಾಗಾಗಿ ನಿಮ್ಮ ಗದ್ದೆಗೆ ಬೀಳುವ ಗೊಬ್ಬರ ಮೂರು ಬಾಗಿಲು ದಾಟಿ ಬರುತ್ತದೆ ಅನ್ಕೊಳ್ಳಿ. ಒಂದು ಚೀನಾದ ಬಾಗಿಲು. 2023-24ರಲ್ಲಿ ಅಲ್ಲಿಂದ 22 ಲಕ್ಷ ಟನ್ ಮೇಲೆ ಡಿಎಪಿ ಬಂದಿತ್ತು, ಮರುವರ್ಷ ಅದರ ಅರ್ಧವೂ ಬರಲಿಲ್ಲ. ಅವರು ರಫ್ತಿಗೆ ಕಡಿವಾಣ ಹಾಕಿದರು, ಅವರ ರೈತರಿಗೆ ಮೊದಲು ಅಂತ. ಎರಡನೆಯದು ಕೆಂಪು ಸಮುದ್ರ. 2023ರ ನವೆಂಬರ್‌ನಿಂದ ಯೆಮನ್‌ನ ಹೂಥಿ ಬಂಡುಕೋರರು ಅಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಮೊರಾಕೊ ಕಡೆಯ ಮಾಲು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಬರಬೇಕಾಯಿತು. ಹತ್ತರಿಂದ ಹದಿನಾಲ್ಕು ದಿನ ಜಾಸ್ತಿ, ಬಾಡಿಗೆ ಜಾಸ್ತಿ, ವಿಮೆ ಜಾಸ್ತಿ. ನಾಟಿಗೆ ಬೇಕಾದ ಚೀಲ ಕಳೆ ತೆಗೆಯುವ ಹೊತ್ತಿಗೆ ಬಂದರೆ ಅದನ್ನು ಇಟ್ಕೊಂಡು ಏನು ಮಾಡೋದು?

ಮೂರನೆಯದು ಹೊರ್ಮುಜ್. ಇರಾನ್‌ಗೂ ಒಮಾನ್‌ಗೂ ನಡುವಿನ ಜಲಸಂಧಿ, ತೀರಾ ಕಿರಿದಾದ ಕಡೆ 33 ಕಿಲೋಮೀಟರ್ ಅಷ್ಟೆ. ಸೌದಿಯ ಡಿಎಪಿ ಅಲ್ಲಿಂದಲೇ ಹೊರಗೆ ಬರಬೇಕು. ಯೂರಿಯಾ ಮಾಡೋಕೆ ಗ್ಯಾಸ್ ಬೇಕಲ್ಲ, ಕತಾರ್‌ನ ಗ್ಯಾಸ್ ಹಡಗಿಗೂ ಅದೇ ದಾರಿ. 2025ರ ಜೂನ್ 13ರಿಂದ 24ರವರೆಗೆ ಇಸ್ರೇಲ್ ಮತ್ತು ಇರಾನ್ ಹೊಡೆದಾಡಿದಾಗ ಹೊರ್ಮುಜ್ ಮುಚ್ಚಲಿಲ್ಲ, ನಮ್ಮ ಪುಣ್ಯ. ಆದರೆ ಜೂನ್ 23ರ ರಾತ್ರಿ ಇರಾನ್ ಕ್ಷಿಪಣಿಗಳು ಕತಾರ್‌ನಲ್ಲಿರುವ ಅಮೆರಿಕದ ನೆಲೆಗೆ ಹೋದವು. ದೋಹಾದಲ್ಲಿರುವ ನಮ್ಮ ಷಡ್ಡಕ ಬಾಗಿಲು ಹಾಕಿಕೊಂಡು ಕೂತು ಫೋನ್ ಮಾಡಿದ್ದ. ನಾನು ಅವನಿಗೆ ಧೈರ್ಯ ಹೇಳಿ ಫೋನ್ ಇಟ್ಟವನೇ ಗೋದಾಮಿನಲ್ಲಿ ಎಷ್ಟು ಯೂರಿಯಾ ಇದೆ ಅಂತ ಲೆಕ್ಕ ಹಾಕಿದೆ. ನಾಚಿಕೆ ಆಯಿತು, ಆದರೂ ಹಾಕಿದೆ.

ಮಾತಾಡಿದ್ದರಿಂದ ಬಂದದ್ದು ಏನು ಅಂದಿರಿ. 2025ರ ಜುಲೈನಲ್ಲಿ ಸೌದಿ ಜೊತೆ ವರ್ಷಕ್ಕೆ 31 ಲಕ್ಷ ಟನ್ ಡಿಎಪಿ, ಐದು ವರ್ಷದ ಒಪ್ಪಂದ ಆಯಿತು. ಆಗಸ್ಟ್‌ನಲ್ಲಿ ಚೀನಾದ ವಿದೇಶಾಂಗ ಮಂತ್ರಿ ವಾಂಗ್ ಯಿ ದೆಹಲಿಗೆ ಬಂದಾಗ ಗೊಬ್ಬರ, ಅಪರೂಪದ ಖನಿಜ, ಸುರಂಗ ಕೊರೆಯುವ ಯಂತ್ರ ಈ ಮೂರರ ವಿಷಯದಲ್ಲಿ ಸಹಾಯ ಮಾಡುತ್ತೇವೆ ಅಂತ ಭರವಸೆ ಕೊಟ್ಟರು. 2020ರಲ್ಲಿ ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಸತ್ತದ್ದು ಇದೇ ಚೀನಾ ಜೊತೆಯ ಜಗಳದಲ್ಲಿ. ಅವರನ್ನು ಕೂರಿಸಿಕೊಂಡು ಗೊಬ್ಬರ ಕೇಳುವುದು ಯಾರಿಗೂ ಹಿತ ಇರಲ್ಲ. ಕೇಳಲೇಬೇಕಿತ್ತು, ಕೇಳಿದರು.

ಕೋಟೆಗುಡ್ಡ

ಬಳ್ಳಾರಿಯಿಂದ. ದಮ್ಮಾಂ ಅಣ್ಣ ಹೇಳಿದ್ದು ವ್ಯಾಪಾರ, ಅದು ಸರಿ. ಆದರೆ ಮಾತುಕತೆಯಿಂದ ಯುದ್ಧ ನಿಲ್ಲುತ್ತದೆ ಅನ್ನೋದು ಬರೀ ನಾಟಕ.

ವಿಶ್ವಸಂಸ್ಥೆಯಲ್ಲಿ 193 ದೇಶ ಇವೆ. ಅದರ ಭದ್ರತಾ ಮಂಡಳಿಯಲ್ಲಿ ಆಗಲ್ಲ ಅನ್ನುವ ಹಕ್ಕು, ಅಂದರೆ ವೀಟೊ, ಇರೋದು ಐದಕ್ಕೆ. 1945ರಲ್ಲಿ ಗೆದ್ದವರು ತಮಗೆ ತಾವೇ ಬರೆದುಕೊಂಡ ಹಕ್ಕುಪತ್ರ ಅದು. ಉಕ್ರೇನ್ ಮೇಲೆ ದಾಳಿ ಆದ ಮರುದಿನವೇ, 2022ರ ಫೆಬ್ರವರಿ 25ರಂದು ನಿರ್ಣಯ ತಂದರು, ರಷ್ಯಾ ವೀಟೊ ಹಾಕಿತು. ಗಾಜಾದಲ್ಲಿ ಕದನ ನಿಲ್ಲಿಸಿ ಅಂತ ತಂದರೆ ಅಮೆರಿಕ ವೀಟೊ, ಒಂದು ಸಲ ಅಲ್ಲ, ಎಷ್ಟೋ ಸಲ. ಹೊಡೆದವನೇ ಪಂಚಾಯ್ತಿ ಹಿರಿಯ ಆದರೆ ಹೊಡೆಸಿಕೊಂಡವನು ಯಾರ ಹತ್ತಿರ ಹೋಗಬೇಕು?

ಉಕ್ರೇನ್ ಹತ್ತಿರ ಅಣುಬಾಂಬ್ ಇದ್ದವು. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ಸಹಿ ಹಾಕಿ ನಿಮ್ಮ ಗಡಿ ಗೌರವಿಸ್ತೀವಿ ಅಂದರು, ಇವರು ಬಾಂಬ್ ಬಿಟ್ಟುಕೊಟ್ಟರು. ಆಮೇಲೆ ಏನಾಯಿತು ನೋಡಿದಿರಲ್ಲ. ಪಾಕಿಸ್ತಾನದ ಜೊತೆಯ ಸಿಂಧೂ ನೀರಿನ ಒಪ್ಪಂದ 1960ರಿಂದ 1965, 1971, 1999ರ ಯುದ್ಧ ಎಲ್ಲಾ ತಡೆದುಕೊಂಡಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದ ಮೇಲೆ ನಾವೇ ಪಕ್ಕಕ್ಕಿಟ್ಟೆವು. ಇಟ್ಟಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕಾಗದಕ್ಕೆ ಎಷ್ಟು ಆಯುಷ್ಯ ಅಂತ ಹೇಳುತ್ತಿದ್ದೇನೆ.

ಇನ್ನು ನಮ್ಮ ಹಂಪಿಗೇ ಬಂದಿದ್ದರಲ್ಲ, 2023ರ ಜುಲೈನಲ್ಲಿ ಜಿ20 ಶೆರ್ಪಾಗಳು, ಅಂದರೆ ನಾಯಕರ ಪರವಾಗಿ ಮುಂಚೆ ಕೂತು ಮಾತಾಡುವ ಪ್ರತಿನಿಧಿಗಳು. ನಮಗೆ ನೆನಪಿರೋದು ದಾರಿಯುದ್ದಕ್ಕೂ ಪೊಲೀಸರು ನಿಂತದ್ದು ಮಾತ್ರ. ಸೆಪ್ಟೆಂಬರ್‌ನಲ್ಲಿ ದೆಹಲಿ ಘೋಷಣೆ ಆಯಿತು. ಉಕ್ರೇನ್ ಪ್ಯಾರಾಕ್ಕೆ 200 ಗಂಟೆ ಮಾತುಕತೆ, 15 ಕರಡು ಅಂತ ಹೆಮ್ಮೆಯಿಂದ ಹೇಳಿಕೊಂಡರು. ತೆಗೆದು ಓದಿ, ರಷ್ಯಾ ದಾಳಿ ಮಾಡಿತು ಅನ್ನುವ ಒಂದು ಸಾಲು ಇಲ್ಲ.

ದೋಆಬ್ ಮೇಷ್ಟ್ರು

ರಾಯಚೂರಿನಿಂದ, ನಿವೃತ್ತ ಇತಿಹಾಸ ಮೇಷ್ಟ್ರು. ಉದ್ದ ಬರೆಯುತ್ತೇನೆ, ಬೇಸರ ಆದರೆ ದಾಟಿಸಿ.

ಹೊರ್ಮುಜ್ ಹೆಸರು ಕೇಳಿ ನಗು ಬಂತು. ಐನೂರು ವರ್ಷದ ಹಿಂದೆಯೂ ಕೃಷ್ಣಾ, ತುಂಗಭದ್ರೆ ನಡುವಿನ ನಮ್ಮ ಈ ದೋಆಬಿನ ಹಣೆಬರಹ ಆ ಊರಿಗೇ ಗಂಟು ಬಿದ್ದಿತ್ತು. ಆಗ ಬೇಕಾದದ್ದು ಯೂರಿಯಾ ಅಲ್ಲ, ಕುದುರೆ. ನಮ್ಮ ಕಡೆ ಒಳ್ಳೆಯ ಕುದುರೆ ಹುಟ್ಟುತ್ತಿರಲಿಲ್ಲ. ಅರಬ್, ಪರ್ಷಿಯಾ ಕಡೆಯ ಕುದುರೆ ಹೊರ್ಮುಜ್‌ನಿಂದ ಹಡಗು ಹತ್ತಿ ಭಟ್ಕಳ, ಗೋವಾಕ್ಕೆ ಬರಬೇಕಿತ್ತು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು, 1515ರಲ್ಲಿ ಹೊರ್ಮುಜ್ ಹಿಡಿದರು. ಎರಡೂ ತುದಿ ಅವರ ಕೈಗೆ ಬಂತು. ವಿಜಯನಗರಕ್ಕೆ ಕುದುರೆ ಕೊಡಬೇಕಾ, ಬಿಜಾಪುರಕ್ಕೆ ಕೊಡಬೇಕಾ ಅನ್ನೋದು ಅವರ ಮರ್ಜಿ ಆಯಿತು. 1520ರಲ್ಲಿ ಕೃಷ್ಣದೇವರಾಯ ಇದೇ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಬಂದೂಕುಗಾರರು ಕೋಟೆ ಗೋಡೆಯ ಮೇಲಿದ್ದವರಿಗೆ ಗುರಿ ಇಟ್ಟು ಹೊಡೆದದ್ದು ಸುಮ್ನೆ ಪ್ರೀತಿಗಲ್ಲ. ಅವರದು ಕುದುರೆ ವ್ಯಾಪಾರದ ಲೆಕ್ಕ. ಅದಕ್ಕೂ ಮುಂಚೆ 1443ರಲ್ಲಿ ಎರಡನೇ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕ್ ಕೂಡ ಹಡಗು ಹತ್ತಿದ್ದು ಹೊರ್ಮುಜ್‌ನಲ್ಲೇ. ಅವನು ಹೆರಾತ್‌ನ ರಾಯಭಾರಿ. ಸಂಜೆ ಹಂಪಿ ಕಡೆ ಹೋದಾಗ ಅವನು ನಡೆದ ದಾರಿ ಇದೇ ಇರಬಹುದು ಅಂತ ನನಗೆ ಅನ್ನಿಸುತ್ತಿರುತ್ತದೆ. ಇರಲಿ, ವಿಷಯಕ್ಕೆ ಬರುತ್ತೇನೆ.

ಕೋಟೆಗುಡ್ಡದ ತಮ್ಮ ಹೇಳಿದ್ದರಲ್ಲಿ ಭದ್ರತಾ ಮಂಡಳಿಯ ಮಾತು ಪೂರ್ತಿ ಒಪ್ಪುತ್ತೇನೆ. ಆ ಕಟ್ಟೆ ಬಿರುಕು ಬಿಟ್ಟಿದೆ. ಆದರೆ ಜಗಳ ಬಿಡಿಸುವ ಕಟ್ಟೆ ಬೇರೆ ಊರಿಗೆ ಹೋಗಿದೆ ಅನ್ನೋದನ್ನು ಅವರು ನೋಡುತ್ತಿಲ್ಲ. ಅಮೆರಿಕ ಮತ್ತು ತಾಲಿಬಾನ್ 2020ರಲ್ಲಿ ಸಹಿ ಹಾಕಿದ್ದು ದೋಹಾದಲ್ಲಿ. ಏಳು ವರ್ಷ ರಾಯಭಾರಿಗಳೇ ಇಲ್ಲದ ಸೌದಿ ಮತ್ತು ಇರಾನ್ 2023ರ ಮಾರ್ಚ್‌ನಲ್ಲಿ ಕೈ ಕುಲುಕಿದ್ದು ಬೀಜಿಂಗ್‌ನಲ್ಲಿ. ರಷ್ಯಾ ಮತ್ತು ಅಮೆರಿಕದವರು 2025ರ ಫೆಬ್ರವರಿಯಲ್ಲಿ ಕೂತದ್ದು ರಿಯಾದ್‌ನಲ್ಲಿ. ನಾನು ಪಾಠ ಮಾಡುವ ಕಾಲದಲ್ಲಿ ಶಾಂತಿ ಮಾತುಕತೆ ಅಂದರೆ ಜಿನೀವಾ ಅಂತ ಕಣ್ಣು ಮುಚ್ಚಿ ಬರೆಸುತ್ತಿದ್ದೆ. ಈಗ ಹುಡುಗರಿಗೆ ಹಾಗೆ ಬರೆಸಿದರೆ ನಗುತ್ತಾರೆ. ಶಕ್ತಿ ಎಲ್ಲಿಂದ ಎಲ್ಲಿಗೆ ಸರಿಯಿತು ಅಂತ ತಿಳಿಯಬೇಕಾದರೆ ಸೈನ್ಯದ ಲೆಕ್ಕಕ್ಕಿಂತ ಇದನ್ನು ನೋಡಬೇಕು, ಜಗಳ ಆಡಿದವರು ಈಗ ಯಾರ ಮನೆ ಜಗಲಿ ಮೇಲೆ ಕೂರುತ್ತಾರೆ ಅಂತ.

ಕಪ್ಪು ಸಮುದ್ರದ ಧಾನ್ಯದ ಒಪ್ಪಂದ ನೋಡಿ. 2022ರ ಜುಲೈ, ಇಸ್ತಾಂಬುಲ್. ಟರ್ಕಿ ಮತ್ತು ವಿಶ್ವಸಂಸ್ಥೆ ನಡುವೆ ನಿಂತವು. ಯುದ್ಧ ಒಂದು ದಿನವೂ ನಿಲ್ಲಲಿಲ್ಲ. ರಷ್ಯಾದವರು, ಉಕ್ರೇನಿನವರು ಒಂದೇ ಕಾಗದಕ್ಕೆ ಸಹಿ ಹಾಕಲೂ ಒಪ್ಪಲಿಲ್ಲ, ಬೇರೆ ಬೇರೆ ಕಾಗದಕ್ಕೆ ಹಾಕಿದರು. ಆದರೂ ಒಂದು ವರ್ಷದಲ್ಲಿ 3 ಕೋಟಿ ಟನ್‌ಗೂ ಜಾಸ್ತಿ ಗೋಧಿ, ಮೆಕ್ಕೆಜೋಳ, ಎಣ್ಣೆಕಾಳು ಹೊರಗೆ ಬಂತು. 2023ರ ಜುಲೈನಲ್ಲಿ ರಷ್ಯಾ ಹೊರಗೆ ನಡೆಯಿತು, ಸರಿ. ಆದರೆ ಆ ಒಂದು ವರ್ಷ ಹೊಟ್ಟೆಗೆ ಬಿದ್ದದ್ದು ಬಿದ್ದಂತೆ ತಾನೆ? ಮಾತುಕತೆ ಅಂದರೆ ಯುದ್ಧ ನಿಲ್ಲಿಸುವ ಮಂತ್ರ ಅಂತ ತಿಳಿದರೆ ಅದು ಯಾವಾಗಲೂ ಸೋಲುತ್ತದೆ. ಜಗಳ ಜಗಳದ ಪಾಡಿಗೆ ಇರಲಿ, ಇಷ್ಟು ಮಾತ್ರ ದಾಟಲಿಕ್ಕೆ ಬಿಡು ಅಂತ ಕೇಳುವುದು ಬೇರೆ ಕೆಲಸ.

ನಮ್ಮ ತುಂಗಭದ್ರಾ ಅಣೆಕಟ್ಟೆಯೇ ಹಾಗೆ ಬಂದದ್ದು. 1945ರಲ್ಲಿ ಅಡಿಗಲ್ಲು ಹಾಕಿದಾಗ ಎಡದಂಡೆ ನಿಜಾಮರದು, ಬಲದಂಡೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ್ದು. ಒಬ್ಬರಿಗೊಬ್ಬರ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. 1953ರಲ್ಲಿ ಕಾಲುವೆಗೆ ನೀರು ಬಿಡುವಷ್ಟರಲ್ಲಿ ಬ್ರಿಟಿಷರೂ ಇರಲಿಲ್ಲ, ನಿಜಾಮರ ಆಳ್ವಿಕೆಯೂ ಇರಲಿಲ್ಲ. ಒಪ್ಪಿಕೊಂಡವರು ಹೋದರು, ನೀರು ಬಂತು. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಕೊಂಡು ಹೋದ ರಾತ್ರಿ ನೆನಪಿದೆಯಾ? ಒಂದು ವಾರದಲ್ಲಿ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ಗೇಟು ಇಳಿಸಿ ನೀರು ಹಿಡಿದರು. ನೀರು ಯಾರದು ಅಂತ ಅವತ್ತು ಯಾವ ರಾಜ್ಯವೂ ಜಗಳ ತೆಗೆಯಲಿಲ್ಲ.

ಸಂಡೂರು ಧೂಳು

ಚೀನಾ ಬೆಳೆದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದರು, ನಾವು ಧೂಳಿನಲ್ಲಿ ನೋಡಿದೆವು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆ ನಮ್ಮೂರ ರಸ್ತೆಯಲ್ಲಿ ಚೀನಾಕ್ಕೆ ಹೋಗುವ ಕಬ್ಬಿಣದ ಅದಿರಿನ ಲಾರಿ ಸಾಲು ಮುಗಿಯುತ್ತಿರಲಿಲ್ಲ, ಗಿಡದ ಎಲೆ ಕೂಡ ಕೆಂಪು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ನಿಲ್ಲಿಸಿತು. ಲಾರಿ ಸಾಲ ತೀರಿಸೋಕೆ ನಮ್ಮ ಅಪ್ಪ ಎರಡು ಎಕರೆ ಮಾರಿದರು. ಮಣ್ಣು ಕೊಟ್ಟವರು ನಾವು, ಈಗ ಅವರ ಹತ್ತಿರ ಗೊಬ್ಬರ ಕೇಳುವವರೂ ನಾವು. ಅಷ್ಟೇ ಹೇಳೋದಿತ್ತು.

ಮಾನ್ವಿ ಹತ್ತಿ

ನಾನು ಹತ್ತಿ ಬೆಳೆಯುವ ಹೆಣ್ಣುಮಗಳು, ನನ್ನ ಲೆಕ್ಕವನ್ನೂ ಕೇಳಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ ಮೊದಲು 25, ಆಮೇಲೆ ರಷ್ಯಾದ ಎಣ್ಣೆ ತಗೋತೀರಿ ಅಂತ ಇನ್ನೂ 25, ಒಟ್ಟು ನೂರಕ್ಕೆ 50 ಸುಂಕ ಹಾಕಿತು. ಬಟ್ಟೆ ಗಿರಣಿಯವರು ಕಂಗಾಲಾದರು. ಅವರಿಗೆ ಅನುಕೂಲ ಆಗಲಿ ಅಂತ ನಮ್ಮ ಸರ್ಕಾರ ಹೊರಗಿನ ಹತ್ತಿಗೆ ಇದ್ದ ನೂರಕ್ಕೆ 11 ಆಮದು ಸುಂಕವನ್ನು ಆಗಸ್ಟ್ 19ರಿಂದ ತೆಗೆಯಿತು. ಮೊದಲು ಸೆಪ್ಟೆಂಬರ್ ತನಕ ಅಂದರು, ಆಮೇಲೆ ಡಿಸೆಂಬರ್ ಕೊನೆ ತನಕ ಎಳೆದರು. ನಾವು ಹತ್ತಿ ಬಿಡಿಸಿ ರಾಯಚೂರು ಮಾರ್ಕೆಟ್‌ಗೆ ಒಯ್ಯುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ. ರಷ್ಯಾದ ಎಣ್ಣೆ ಕೊಂಡವರು ಯಾರೋ, ಸುಂಕ ಹಾಕಿದವರು ಯಾರೋ, ಸುಂಕ ತೆಗೆದವರು ಯಾರೋ. ದರ ಬಿದ್ದರೆ ತೂಕದ ಕಟ್ಟೆ ಹತ್ತಿರ ನಿಂತವಳು ನಾನು.

ಹಾಗಾಗಿ ಮೇಷ್ಟ್ರೇ, ಮಾತುಕತೆ ಬೇಡ ಅಂತ ನಾನು ಹೇಳಲ್ಲ. ಅಲ್ಲಿ ಕೂತವರ ಚೀಟಿಯಲ್ಲಿ ಹತ್ತಿ ಇದೆಯಾ ಇಲ್ಲವಾ ಅನ್ನೋದು ನನ್ನ ಚಿಂತೆ. ಡಿಎಪಿ ಇತ್ತು, ಬಂತು. ಸುರಂಗದ ಯಂತ್ರ ಇತ್ತು. ಹತ್ತಿ ಬೆಳೆಯುವವರು ಇರಲಿಲ್ಲ.

ಇನ್ನೊಂದು, ಸಿಟ್ಟಾಗಬೇಡಿ. ಕಾರಟಗಿ ಅಣ್ಣಾವ್ರೇ, ನಾನು ಯಾಕೆ ಹತ್ತಿ ಹಾಕುತ್ತೇನೆ ಗೊತ್ತಾ? ನಮ್ಮದೂ ಅದೇ ಎಡದಂಡೆ ಕಾಲುವೆ, ಆದರೆ ಕೊನೆ ಭಾಗ. ಈ ಕಾಲುವೆ ಮಾಡಿದ್ದು ಕಡಿಮೆ ನೀರಿನ ಬೆಳೆಗೆ ಅಂತ. ಮೇಲಿನವರು ಭತ್ತ ಹಚ್ಚಿ, ಪೈಪ್ ಇಳಿಸಿ ಮೋಟಾರಿನಿಂದ ಎತ್ತಿಕೊಂಡರೆ ನಮ್ಮ ತನಕ ಗೇಜ್, ಅಂದರೆ ಕಾಲುವೆ ನೀರಿನ ಮಟ್ಟ, ನಿಲ್ಲುವುದೇ ಇಲ್ಲ. ನಾವು ಪ್ರತಿ ವರ್ಷ ರಸ್ತೆ ತಡೆ ಮಾಡುತ್ತೇವೆ. ನೀವು ಡಿಎಪಿಗೆ ಚೀನಾ ಕಡೆ ನೋಡಿದ ಹಾಗೆ ನಾವು ನೀರಿಗೆ ನಿಮ್ಮ ಕಡೆ ನೋಡುತ್ತಿರುತ್ತೇವೆ.

ಕೋಟೆಗುಡ್ಡ

ಅಕ್ಕ, ಸರಿಯಾಗಿ ಹೇಳಿದಿರಿ. ಮೇಲೆ ಇದ್ದವನದೇ ನೀರು, ನಾನು ಹೇಳಿದ್ದೂ ಅದನ್ನೇ.

ಮೇಷ್ಟ್ರೇ, ನಿಮ್ಮ ಇತಿಹಾಸದಿಂದಲೇ ಒಂದು ಪ್ರಶ್ನೆ. ಈಗ ಎಲ್ಲರ ಜೊತೆಗೂ ಇರ್ತೀವಿ ಅಂತಾರಲ್ಲ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಇರುವ ಕ್ವಾಡ್‌ನಲ್ಲೂ ನಾವು, ರಷ್ಯಾ, ಚೀನಾ ಇರುವ ಬ್ರಿಕ್ಸ್‌ನಲ್ಲೂ ನಾವು, ರಷ್ಯಾ ಎಣ್ಣೆಯೂ ಬೇಕು, ಅಮೆರಿಕದ ಮಾರುಕಟ್ಟೆಯೂ ಬೇಕು. ವಿಜಯನಗರದ ಅಳಿಯ ರಾಮರಾಯ ಮಾಡಿದ್ದು ಇದನ್ನೇ ಅಲ್ವಾ? ಒಂದು ವರ್ಷ ಅಹಮದ್‌ನಗರ, ಗೋಲ್ಕೊಂಡಾ ಜೊತೆ ಸೇರಿ ಬಿಜಾಪುರಕ್ಕೆ ಹೊಡೆದ, ಇನ್ನೊಂದು ವರ್ಷ ಬಿಜಾಪುರದ ಜೊತೆ ಸೇರಿ ಅಹಮದ್‌ನಗರಕ್ಕೆ. 1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯಲ್ಲಿ ಆ ಸುಲ್ತಾನರೆಲ್ಲ ಒಂದಾಗಿ ಬಂದರು, ವಿಜಯನಗರ ಸೋತಿತು. ಹಂಪಿಯಲ್ಲಿ ಇವತ್ತಿಗೂ ಕಲ್ಲು ಎಣಿಸುತ್ತಿದ್ದೇವೆ.

ದೋಆಬ್ ಮೇಷ್ಟ್ರು

ತಮ್ಮ, ಒಳ್ಳೆಯ ಪೆಟ್ಟು ಕೊಟ್ಟಿರಿ. ಅರ್ಧ ಒಪ್ಪುತ್ತೇನೆ.

ರಾಮರಾಯ ಎಲ್ಲರ ಜೊತೆ ಇದ್ದದ್ದು ತಪ್ಪಲ್ಲ. ಅವನಿಗೆ ಪಕ್ಕದವರ ಜಗಳವೇ ಬಂಡವಾಳ ಆಗಿತ್ತು, ಅದು ತಪ್ಪು. ಅವರವರ ಜಗಳ ಇರುವ ತನಕ ಇವನು ದೊಡ್ಡವನು. ಬಿಜಾಪುರದ ಅಲಿ ಆದಿಲ್‌ಶಾಹಿಗೆ ಅಹಮದ್‌ನಗರದ ಚಾಂದ್ ಬೀಬಿಯನ್ನು ಕೊಟ್ಟು ಮದುವೆ ಮಾಡಿದರು, ಬಂಡವಾಳ ಮುಳುಗಿತು. ಆ ಮದುವೆ ಮಾತುಕತೆಯೂ ರಾಜತಂತ್ರವೇ, ಇವನ ವಿರುದ್ಧ ನಡೆದದ್ದು ಅಷ್ಟೆ.

ಈಗಿನದಕ್ಕೆ ಹೋಲಿಸಿದರೆ ಎಣ್ಣೆ ವಿಷಯದಲ್ಲಿ ನಿಮ್ಮ ಮಾತು ತಾಕುತ್ತದೆ. 2022ಕ್ಕೆ ಮುಂಚೆ ನಾವು ತರಿಸುವ ಎಣ್ಣೆಯಲ್ಲಿ ರಷ್ಯಾದ್ದು ನೂರಕ್ಕೆ ಎರಡೂ ಇರಲಿಲ್ಲ, ಎರಡು ವರ್ಷದಲ್ಲಿ ಮೂರನೇ ಒಂದು ಭಾಗ ದಾಟಿತು. ಪಶ್ಚಿಮದವರ ಮತ್ತು ರಷ್ಯಾದ ಜಗಳದಲ್ಲಿ ಸಿಕ್ಕ ಅಗ್ಗದ ಮಾಲು ಅದು. ಅದಕ್ಕೆ ಬಿದ್ದ ದಂಡವೇ ಅಕ್ಕ ಹೇಳಿದ 25, ಅದು ಸುತ್ತಿಕೊಂಡು ಮಾನ್ವಿ ಹತ್ತಿಗೆ ಬಂತು. ಆದರೆ ಕತಾರ್ ಜೊತೆ 2048ರ ತನಕದ ಗ್ಯಾಸ್ ಒಪ್ಪಂದ ಯಾರ ಜಗಳದ ಮೇಲೂ ನಿಂತದ್ದಲ್ಲ. 2024ರ ಫೆಬ್ರವರಿಯಲ್ಲಿ ಅದಕ್ಕೆ ಸಹಿ ಬಿತ್ತು. ಒಂದು ವಾರದೊಳಗೆ, ಅಲ್ಲಿ ಮರಣದಂಡನೆ ಕೇಳಿಸಿಕೊಂಡಿದ್ದ ನಮ್ಮ ನೌಕಾಪಡೆಯ ಎಂಟು ಮಾಜಿ ಸಿಬ್ಬಂದಿ ಬಿಡುಗಡೆ ಆದರು. ಎರಡಕ್ಕೂ ಸಂಬಂಧ ಇದೆ ಅಂತ ಯಾವ ಸರ್ಕಾರವೂ ಹೇಳಿಲ್ಲ. ನಾನೂ ಹೇಳಲ್ಲ. ಆದರೆ ವ್ಯಾಪಾರ ಇರುವ ಮನೆಗೆ ಹೋಗಿ ಒಂದು ಮಾತು ಕೇಳುವುದು ಸುಲಭ, ಇದು ನಮ್ಮ ಮಾರ್ಕೆಟ್ ಮಂದಿಗೆ ನಾನು ಕಲಿಸಬೇಕಾಗಿಲ್ಲ.

ಕಾರಟಗಿ ಭತ್ತ

ಇಷ್ಟೊಂದು ಬರೆಯುತ್ತೀರಿ ಅನ್ಕೊಂಡಿರಲಿಲ್ಲ, ಎಲ್ಲರಿಗೂ ದೊಡ್ಡ ನಮಸ್ಕಾರ. ಅಂಗಡಿಯವರಿಗೆ ಬೈದದ್ದರಲ್ಲಿ ಅರ್ಧ ವಾಪಸ್ ತಗೋತೀನಿ. ಬಾಟಲಿಯ ಅರ್ಧ ಹಾಗೇ ಇರಲಿ.

ಮಾನ್ವಿ ಅಕ್ಕ, ನಿಮ್ಮ ಮಾತು ಓದಿ ಎರಡು ದಿನ ಏನೂ ಬರೆಯಲಿಲ್ಲ. ಸುಳ್ಳು ಯಾಕೆ ಹೇಳಲಿ, ನಮ್ಮದೂ ಒಂದು ಪೈಪ್ ಇದೆ. ನಾನು ಹಾಕಿದ್ದಲ್ಲ, ಅಪ್ಪನ ಕಾಲದ್ದು, ಆದರೆ ಸ್ವಿಚ್ ಹಾಕೋದು ನಾನೇ. ತೆಗೀರಿ ಅಂದರೆ ನಮ್ಮ ಸಾಲಿನಲ್ಲಿ ಮೂವತ್ತು ಮನೆಯವರಿದ್ದಾರೆ, ನಾನೊಬ್ಬ ತೆಗೆದರೆ ಆ ನೀರು ಪಕ್ಕದವನಿಗೆ ಹೋಗುತ್ತದೆ, ನಿಮಗೆ ಬರಲ್ಲ. ಹಾಗಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದೇನೆ ಅಂತಲೂ ನನಗೆ ಗೊತ್ತು.

ಒಂದು ಕೆಲಸ ಆಗಬಹುದು. ನೀವು ಹತ್ತಿಗೆ ನೀರು ಬೇಕು ಅನ್ನುವ ವಾರ ಯಾವುದು, ನಮಗೆ ಬೇಡದ ವಾರ ಯಾವುದು ಅಂತ ಕೂತು ನೋಡಿದರೆ ಎಲ್ಲಾದರೂ ಎಂಟು ದಿನ ಸಿಗುತ್ತದಾ ಅಂತ. ನೀರು ಬಳಕೆದಾರರ ಸಂಘದಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ, ಮುಂಗೋಪಿ, ಆದರೆ ಹೆಣ್ಣುಮಕ್ಕಳು ಕೇಳಿದರೆ ಮಾತು ಕೇಳುತ್ತಾರೆ. ನಿಮ್ಮದು ಯಾವ ಉಪಕಾಲುವೆ, ಅಲ್ಲಿಂದ ಎಷ್ಟು ಜನ ಬರಬಹುದು? ಇಲ್ಲಿ ಬರೀಬೇಡಿ, ನನಗೆ ಬೇರೆ ಮೆಸೇಜ್ ಹಾಕಿ.

ಮಾನ್ವಿ ಹತ್ತಿ

ಹಾಕಿದ್ದೇನೆ, ನೋಡಿ. ಸಭೆ ಮಾನ್ವಿಯಲ್ಲಿ ಇಟ್ಟರೆ ನಿಮ್ಮವರು ಬರಲ್ಲ, ಕಾರಟಗಿಯಲ್ಲಿ ಇಟ್ಟರೆ ನಮ್ಮವರು ಬರಲ್ಲ. ಸಿಂಧನೂರು ಇರಲಿ. ದಮ್ಮಾಂ ಅಣ್ಣನ ಗೋದಾಮಿನ ಮುಂದೆ ಜಾಗ ಇದೆಯಾ?

ದಮ್ಮಾಂ ರಿಟರ್ನ್

ಇದೆ ಅಕ್ಕ. ಭಾನುವಾರ ಲೋಡ್ ಬರಲ್ಲ. ಚಹಾ ನನ್ನ ಕಡೆಯಿಂದ, ಲಿಂಕ್ ಇಲ್ಲದೆ.